ಅಣ್ಣನ ಎದೆಯ ನೀರು

೩ ಆಗಸ್ಟ್ ೧೯೩೬, ಸೋಮವಾರ. ಬಂಗಾರಪೇಟೆ

ಮತ್ತೆ ಅದೇ ಕೆಟ್ಟ ಕನಸು. ಗಣಿಯೊಳಗೆ ಕತ್ತಿನವರೆಗೂ ನೀರಲ್ಲಿ ಕದಿರಪ್ಪಣ್ಣ. ಮೇಲೆ ನಿಂತು ನಗುವ ಮೇಸ್ತ್ರಿ ಮುನಿಸ್ವಾಮಪ್ಪ. ಸ್ಟೇಷನ್ನಿನಲ್ಲಿ ಮೂಟೆ ಹೊರುವಾಗಲೂ ಅದೇ ಯೋಚನೆ. ಹೋದ ತಿಂಗಳು ಅಣ್ಣನ ಮುಖ ಊದಿಕೊಂಡಿತ್ತು, ಏದುಸಿರು. ಮೇಸ್ತ್ರಿ ಇಡೀ ಗ್ಯಾಂಗಿನ ಎದುರು ಕೂಗಿದನಂತೆ — “ಸಾರಾಯಿ ಕುಡ್ದು ಮಕ ಊದಿಸ್ಕೊಂಡ್ ಬಂದವ್ನೆ. ಗಣಿಗ್ ಇಳ್ಸೋ ಕೇಜಿಗೆ ಇವ್ನ ಅತ್ತಿಸ್ಬೇಡ್ರಲಾ!” ಕೆಲಸ ಹೋಯಿತು. ಸಾರಾಯಿ ಮುಟ್ಟಿದವನೇ ಅಲ್ಲ ನಮ್ಮಣ್ಣ. ಬಿಡುವುದಿಲ್ಲ ಆ ಮೇಸ್ತ್ರಿಯನ್ನು.

೫, ಬುಧವಾರ

ಅಣ್ಣನನ್ನು ಸೇರಿಸಿರುವ ಆಸ್ಪತ್ರೆಗೆ ರೈಲಿನಲ್ಲಿ ಹೋಗಿದ್ದೆ. ಎಕ್ಸ್‌ರೇ ತೆಗೆದಿದ್ದಾರೆ. ಎದೆಯೊಳಗೆ ಗೆಡ್ಡೆ. ಗುಂಡಿಗೆಯನ್ನು ಒತ್ತುತ್ತಿದೆ, ಸುತ್ತ ನೀರು ತುಂಬಿದೆ. ಮುಖ ಊದಿದ್ದೂ ಅದಕ್ಕೇ, ಅಂದರು ಡಾಕ್ಟರು. ಸೂಜಿ ಹಾಕಿ ನೀರು ತೆಗೆಯುತ್ತಾರಂತೆ. ಸೂಜಿ ಗುಂಡಿಗೆಗೇ ಚುಚ್ಚಿಬಿಟ್ಟರೆ…?

೮, ಶನಿವಾರ

ತೆಗೆದರು. ಒಂದು ಸೀಸೆ, ರಕ್ತದ ಬಣ್ಣದ ನೀರು. ಮೇಸ್ತ್ರಿಗೆ ಹೇಳಿಕಳಿಸಿದೆ — ಸಾಯುವವನು ಕರೆಯುತ್ತಿದ್ದಾನೆ ಅಂತ. ಸುಳ್ಳೇ. ಆದರೆ ಆ ಕರೆಗೆ ಬರಲ್ಲ ಅನ್ನುವವರು ನಮ್ಮ ಕಡೆ ಯಾರಿದ್ದಾರೆ? ಅವನು ಬರುವ ಮುಂಚೆ ನಾನೇ ಒಂದು ಸಲ ಸೀಸೆ ಮೂಸಿ ನೋಡಿದೆ. ಹೆದರಿಕೆ.

ಬಂದ. ಸೀಸೆ ಮೂಗಿಗೆ ಹಿಡಿದೆ.

“ಮೂಸು ಮೇಸ್ತ್ರಿ.”

“ಲೇ ಆಂಜಿನಪ್ಪ, ನಾನೇನ್ ನಾಯೇನ್ಲಾ?”

“ನಮ್ಮಣ್ಣನ ಎದೇಲಿದ್ದ ಸಾರಾಯಿ. ಮೂಸು.”

ಮೂಸಿದ. ಮುಖ ಬಿಳುಚಿತು. “ಇಲ್ಲ ಕಣ್ಲಾ… ಸಾರಾಯಿ ವಾಸ್ನೆ ಇಲ್ಲ.”

ಮಂಚದಿಂದ ಅಣ್ಣ, ಏದುಸಿರಲ್ಲೇ — “ನಂಚ್ಕಳಕ್ಕೆ ಉಪ್ಪಿನಕಾಯಿ ಬೇಕೇನ್ ಮೇಸ್ತ್ರಿ?”

ಎಷ್ಟು ಹಿತವಾಯಿತು! ಸಾಲದು. ಅಣ್ಣನ ಕೈ ಮುಟ್ಟಿಸಿ ಭಾಷೆ ತೆಗೆದುಕೊಂಡೆ — ಸೋಮವಾರ ಗಣಿ ಬಾಯಲ್ಲಿ, ಪಾಳಿಯವರು ಕೇಜಿನಲ್ಲಿ ಇಳಿಯುವ ಮುಂಚೆ, ಕದಿರಪ್ಪ ಕುಡುಕನಲ್ಲ ಅಂತ ಎಲ್ಲರಿಗೂ ಕೇಳುವಂತೆ ಹೇಳಬೇಕು.

೧೦, ಸೋಮವಾರ

ನೆನ್ನೆ ಮತ್ತೆ ನೀರು ತುಂಬಿತು. ಗುಂಡಿಗೆ ಬಡಿದುಕೊಳ್ಳಲು ಜಾಗವಿಲ್ಲ, ಅಂದರು ಡಾಕ್ಟರು. ರಾತ್ರಿ ಅಣ್ಣ ಹೋದ. ಇವತ್ತು ಬೆಳಗ್ಗೆ ಮಣ್ಣು ಮಾಡಿ ಬಂದೆವು.

ಸಂಜೆ ಅಣ್ಣನ ಜೊತೆಗಾರ ಆರುಮುಗಂ ಬಂದ. “ಏಳ್ಬುಟ್ಟ ಆಂಜಿನಪ್ಪಣ್ಣ, ಮೇಸ್ತ್ರಿ. ಕದಿರಪ್ಪ ಕುಡುಕ ಅಲ್ಲ ಅಂತ. ಅತ್ನಂತೆ ಕೂಡ.”

“ಅಂತೆ? ನೀನಿರ್ಲಿಲ್ವಾ?”

“ನಾನೂ ಮಣ್ಣಿಗ್ ಬಂದಿದ್ನಲ್ಲ ಸಾಮಿ. ಗಣಿ ಬಾಯಲ್ಲಿ ದೀಪ ಕೊಡೋ ಕೋಣೆ ಪೆರುಮಾಳು ಅಂದ.”

ಅತ್ತರೆ ನನಗೇನು? ಕೇಜು ಇಳಿದ ಮೇಲೆ ಹೇಳಿದ್ದರೆ ಕೇಳಲು ಅಲ್ಲಿ ಯಾರಿರುತ್ತಾರೆ, ಪೆರುಮಾಳು, ಕಾಗೆ ಬಿಟ್ಟರೆ? ಹೊರಟವನನ್ನು ಬಾಗಿಲಲ್ಲೇ ತಡೆದೆ. ಆರುಮುಗಂ, ಪೆರುಮಾಳನ್ನ ಇನ್ನೊಂದ್ ಸಲ ಕೇಳ್ಕೊಂಡ್ ಬಾರಪ್ಪ — ಕೇಜು ಇಳಿಯೋಕ್ ಮುಂಚೆ ಹೇಳಿದ್ನಾ, ಇಳಿದ್ ಮೇಲಾ…