ಏಳರ ಚುಕ್ಕೆ

ತಮ್ಮಾ,

ಮಂಡಿ ನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಮೊನ್ನೆ ಕನ್ನಡಕ ಸರಿಮಾಡಿಸಲು ಹೋದಾಗ ದೊಡ್ಡ ವಾಚಿನಂಗಡಿಯ ಗಾಜಿನೊಳಗೆ ಅಪ್ಪ ಕಾರ್ಖಾನೆಗೆ ಬರೆದುಕೊಟ್ಟ ಡಯಲ್ ಕಂಡೆ.

"ಐವತ್ತು ವರ್ಷದ ಹಿಂದಿನ ಡಿಸೈನು ಅಮ್ಮಾ, ಕೀಲಿ ಕೊಡೋ ವಾಚು. ಈಗ ಮತ್ತೆ ನೂರೇ ನೂರು ಮಾಡಿದಾರೆ. ಬೆಲೆ ಕೇಳೋದೇ ಬೇಡ ಬಿಡಿ," ಎಂದ ಅಂಗಡಿಯವನು. ಏಳರ ಚುಕ್ಕೆ ಕೊಂಚ ಕೆಳಗಿತ್ತು. "ಅದು ಕಂಪನಿಯವರ ಗುಟ್ಟಿನ ಗುರುತು," ಎಂದ.

ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಅದನ್ನು ಬರೆಯುವಾಗ ಆರು ವರ್ಷದ ನಾನು ಅವರ ಮೊಣಕೈ ತಳ್ಳಿದ್ದೆ. ಆಗ ವಾಚು ಮಾಡುವಾಗ ಕಾರ್ಖಾನೆಯವರು ಅದನ್ನು ತಿದ್ದಿದ್ದರು. ತಪ್ಪು ಉಳಿದದ್ದು ಅಪ್ಪನ ನಕ್ಷೆ ಪುಸ್ತಕದಲ್ಲಿ ಮಾತ್ರ. ನೋಡಿ ಕೊಡುತ್ತೇನೆಂದು ಒಯ್ದು, "ಗೆದ್ದಲು ತಿಂದುಬಿಡ್ತು ಅಕ್ಕಾ" ಎಂದು ಕಣ್ಣೊರೆಸಿಕೊಂಡೆಯಲ್ಲ, ಅದೇ ಪುಸ್ತಕ. ನಾನೇ ನಿನಗೆ ಸಮಾಧಾನ ಹೇಳಿದ್ದೆ.

ಮಾರಬೇಕೆಂದು ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ? ಕಂಪನಿಯವರು ಕೊಟ್ಟದ್ದು ನಿನಗೇ ಇರಲಿ. ಪುಸ್ತಕ ವಾಪಸು ಕೇಳು. ಕೊಡದಿದ್ದರೆ ಕೊನೆಯ ಪುಟವೊಂದನ್ನಾದರೂ ಬೇಡಿ ತಾ. ನೀನು ಹುಟ್ಟಿದ ಗಳಿಗೆಯನ್ನು ಅಪ್ಪ ಅದರಲ್ಲಿ ಸೆಕೆಂಡಿನ ಸಮೇತ ಬರೆದಿಟ್ಟಿದ್ದರು.

ಅವರ ಕೈಗಿಡುವ ಮೊದಲು ನೀನು ಅಷ್ಟು ದೂರ ಪುಟ ತಿರುವಿರಲಿಲ್ಲ ಎಂದೇ ನಂಬಿಕೊಂಡಿದ್ದೇನೆ.

ನಿನ್ನ ಅಕ್ಕ