ಇಟ್ಟೂಪನ ನಾಲ್ಕನೇ ಸವಾರಿ

ಏಪ್ರಿಲ್ 2, ಭಾನುವಾರ

ಸರ್ವಶಕ್ತನ ಸನ್ನಿಧಿಯಲ್ಲಿ ತಪ್ಪೊಪ್ಪಿಗೆ: ಸಿಸ್ಟರ್ ರೋಸ್‌ಲಿಟ್ ಅವರ ಥರ್ಮಾಮೀಟರ್ ಕದ್ದವನು ನಾನೇ. ನನ್ನ ಕಾಲುಚೀಲದೊಳಗೆ ಬೆಚ್ಚಗೆ ಮಲಗಿದೆ. ಪಶ್ಚಾತ್ತಾಪ ಹುಡುಕಿದೆ... ಸಿಗಲಿಲ್ಲ.

ಕಾರಣವಿದೆ. ಈ ವೃದ್ಧಾಶ್ರಮದಲ್ಲಿ ಯಾರಾದರೂ ಸೀನಿದರೆ ಸಾಕು, ಆಂಬುಲೆನ್ಸ್. ನನ್ನ ಕೋಣೆಯ ಇಟ್ಟೂಪ್ — ರಿಟೈರ್ಡ್ ಬಸ್ ಕಂಡಕ್ಟರ್ — ಈ ವರ್ಷ ಮೂರು ಸಲ ತ್ರಿಶೂರಿನ ಆಸ್ಪತ್ರೆ ಕಂಡು ಬಂದ. ಒಮ್ಮೆ ಕೆಮ್ಮು, ಒಮ್ಮೆ ಬಿಕ್ಕಳಿಕೆ. ಮೂರನೆಯದಕ್ಕೆ ಡಾಕ್ಟರಿಗೂ ಕಾರಣ ಹೊಳೆಯಲಿಲ್ಲ. ಹೋಗಿ ಬಂದಾಗಲೆಲ್ಲ ಒಂದು ಸುತ್ತು ಇಳಿದಿರುತ್ತಾನೆ.

"ಇನ್ನೊಂದು ಸಲ ಹೋದ್ರೆ ಇಟ್ಟೂಪ್ ಅಪ್ಪಚ್ಚನ ಮಂಚ ಕೆಳಗಡೆಗೆ" ಅಂದಿದ್ದಾರೆ ಸಿಸ್ಟರ್. ಕೆಳಗಡೆ ಎಂದರೆ ಏಳಲಾರದವರ ವಾರ್ಡು. ಅಲ್ಲಿಂದ ಮೇಲೆ ಬಂದವರಿಲ್ಲ, ಮೇಲೆ ಹೋದವರಿದ್ದಾರೆ.

"ನಾನಿರೋ ತನಕ ನಿನ್ನನ್ನ ಯಾವ ಆಂಬುಲೆನ್ಸೂ ಹತ್ತಿಸಲ್ಲ" ಅಂದೆ, ಹಳೇ ಮೇಷ್ಟ್ರ ಗತ್ತಿನಲ್ಲಿ.

"ನೀವಿರೋ ತನಕ ಅಂದ್ರೆ... ಎಷ್ಟು ದಿನ, ಮಾಷೆ?"

ಕೃತಘ್ನ.

ಏಪ್ರಿಲ್ 5

ಇಟ್ಟೂಪನಿಗೆ ಕೆಮ್ಮು. ಸಿಸ್ಟರ್ ಇಣುಕಿದರು. ತಕ್ಷಣ ನಾನೇ ಜೋರಾಗಿ ಕೆಮ್ಮಿದೆ.

"ಯಾರು ಕೆಮ್ಮಿದ್ದು?"

"ನಾನು. ತರ್ಕಶಾಸ್ತ್ರದ ಮೇಷ್ಟ್ರು, ಗಂಟಲು ಸರಿ ಮಾಡ್ಕೊಳ್ಳದೆ ಮಾತು ಹೊರಡಲ್ಲ."

"ಹಾಗಾದ್ರೆ ಮಾಷಿಗೆ ಆಂಬುಲೆನ್ಸ್..."

"ಅದು ಪುಕ್ಕಲರಿಗೆ, ಸಿಸ್ಟರೇ. ಈ ದೇಹ ಹೊರಟರೆ ಒಂದೇ ಸಲ, ಬ್ಯಾಂಡ್ ಬಾರಿಸಿಕೊಂಡು."

ಏಪ್ರಿಲ್ 7, ಶುಭ ಶುಕ್ರವಾರ, ಬೆಳಿಗ್ಗೆ

ಉಪವಾಸ. ಇಟ್ಟೂಪನಿಗೂ ಹಠ. ಬಲವಂತವಾಗಿ ನೇಂದ್ರ ಬಾಳೆಹಣ್ಣು ತಿನ್ನಿಸಿದೆ.

"ಪಾಪ ಬರಲ್ವಾ, ಮಾಷೆ?"

"ನನ್ನ ಖಾತೆಗೆ ಬರೆಸು."

ನಾನು ಮಾತ್ರ ಏನೂ ತಿಂದಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ. ಶಿಸ್ತೆಂದರೆ ಶಿಸ್ತು. ಮಧ್ಯಾಹ್ನ ಪ್ರಾರ್ಥನೆ ಮುಗಿದ ಮೇಲೆ, ಶಿಲುಬೆಯ ಮೇಲೆ ಕ್ರಿಸ್ತನಿಗೆ ಕೊಟ್ಟ ಕಹಿಯ ನೆನಪಿಗೆ, ಹಾಗಲಕಾಯಿಯ ಕಹಿನೀರು, ಆಮೇಲೆ ಗಂಜಿ. ಕಹಿನೀರು ಉಳಿದವರಿಗೆ ಒಂದೊಂದು ಗುಟುಕು. ನನಗೆ ಎರಡು ಲೋಟ — ನೋಡಲಿ ಎಲ್ಲರೂ.

ಏಪ್ರಿಲ್ 8, ಆಸ್ಪತ್ರೆ

ಉಪವಾಸಕ್ಕೂ ಆಸ್ಪತ್ರೆವಾಸಕ್ಕೂ ನಡುವೆ ಎರಡೇ ಲೋಟ. ಎರಡನೆಯದು ಗಂಟಲಿಗಿಳಿಯುವ ಮೊದಲೇ ನಾನು ನೆಲಕ್ಕಿಳಿದೆ. ಮೈಯ ಸಕ್ಕರೆ ಪಾತಾಳಕ್ಕೆ.

ರೋಗಿಯ ಜೊತೆ ಒಬ್ಬರು ಬರಬೇಕಂತೆ. ಬಂದವನು... ಇಟ್ಟೂಪ್! ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ "ರೈಟ್, ರೈಟ್!" ಈಗ ಪಕ್ಕದಲ್ಲಿ ಕೂತು ನನ್ನ ಗಂಜಿ ಕುಡಿಯುತ್ತಿದ್ದಾನೆ. ಕೆನ್ನೆಗೆ ಬಣ್ಣ ಬಂದಿದೆ.

ಇದು ತನ್ನ ನಾಲ್ಕನೆಯ ಸಲ ಎಂದು ಲೆಕ್ಕವೇ ಅಂತ ಸಿಸ್ಟರನ್ನು ಫೋನಿನಲ್ಲಿ ಕೇಳಿದ. ಸಿಸ್ಟರ್ ನಕ್ಕರಂತೆ. "ಮಾಷನ್ನ ಸಂಭಾಳಿಸೋ ಗಟ್ಟಿಗನಿಗೆ ಕೆಳಗಡೆ ಯಾಕೆ ಮಂಚ?" ಗೆದ್ದೆವು!

ಡಾಕ್ಟರಿಗೆ ಮಾತ್ರ ಸಿಟ್ಟು. "ಅಲ್ಲೇ ಕೊಟ್ಟ ಸಕ್ಕರೆನೀರಿಗೆ ಸರಿಹೋಗಿದ್ರಲ್ಲ, ಇಲ್ಲೀವರೆಗೆ ಯಾಕೆ ಕಳಿಸಿದ್ರು?" ಎಲ್ಲರೂ ಸಿಸ್ಟರನ್ನೇ ಬೈಯುತ್ತಿದ್ದಾರೆ. ಪಾಪ. ನಿನ್ನೆ ನಾನು ಕಣ್ಣು ಬಿಟ್ಟದ್ದು ನೋಡಿ ಅವರು ಆಂಬುಲೆನ್ಸಿಗೆಂದು ಎತ್ತಿದ್ದ ಫೋನು ಕೆಳಗಿಟ್ಟಿದ್ದರು. ಅವರ ತೋಳು ಹಿಡಿದು, "ಸತ್ತೆ ಸಿಸ್ಟರೇ, ಆಂಬುಲೆನ್ಸ್ ಕರೀರಿ!" ಎಂದು ಇಡೀ ಊಟದ ಹಾಲಿನ ಮುಂದೆ ಗೊಳೋ ಎಂದು ಅತ್ತವನು ಇಟ್ಟೂಪ್ ಅಲ್ಲ. ಅದು...