ಅಳಿಸಿಹೋದ ಆರು ವರ್ಷಗಳ ಮಳೆ

ನಿನ್ನೆಯ ಪುಟದಲ್ಲಿ ಒಂದು ತಪ್ಪಿದೆ. ಟ್ಯಾಬ್‌ನಲ್ಲಿದ್ದ ಆರು ವರ್ಷಗಳ ಮಳೆಯ ದಾಖಲೆಯನ್ನು ಸೊಸೆ ಮಾನಸ ಅಳಿಸಿದಳೆಂದು ಬರೆದಿದ್ದೇನೆ. ಅಳಿಸಿದವನು ನಾನು.

ಟ್ಯಾಬ್ ನಿಧಾನವಾಗಿದೆಯೆಂದು ಗೊಣಗಿದಾಗ ಅವಳು ಸ್ಪಷ್ಟವಾಗಿಯೇ ಹೇಳಿದ್ದಳು: "ಬ್ರೌಸರ್‌ನಲ್ಲಿ ಕ್ಯಾಶ್ ಅಂತಿರೋ ಟೆಂಪರರಿ ಫೈಲ್ ಒಂದೇ ಕ್ಲಿಯರ್ ಮಾಡಿ ಮಾವ, ಮಿಕ್ಕಿದ್ ಟಿಕ್ ಎಲ್ಲ ತೆಗ್ದ್‌ಬುಡಿ." ಬೆಳಗೋಡಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿ, ಕಪ್ಪುಹಲಗೆಯನ್ನು ಅರ್ಧ ಒರೆಸುವುದನ್ನು ಸಹಿಸದವನು ನಾನು, ಎಲ್ಲ ಚೌಕಗಳಿಗೂ ಗುರುತು ಹಾಕಿದೆ. ನಾನು ಮಳೆಯ ಲೆಕ್ಕ ಬರೆಯುತ್ತಿದ್ದ ವೆಬ್ ಪುಟವು ಎಲ್ಲವನ್ನೂ ಬ್ರೌಸರಿನೊಳಗೇ ಇಟ್ಟುಕೊಂಡಿತ್ತೆಂದು ಯಾರು ಬಲ್ಲರು? ಇಷ್ಟು ದೊಡ್ಡ ನಾಶಕ್ಕೆ ಇಷ್ಟು ಚಿಕ್ಕ ಗುಂಡಿಯೇ! ಇಂದು ಆ ಪರದೆಯನ್ನು ಮತ್ತೆ ತೆರೆದರೆ, ನಾನು ಹಾಕಿದ ಗುರುತುಗಳು ಹಾಗೆಯೇ ಇವೆ.

ನಿನ್ನೆ ಅವಳನ್ನು ಗದರಿದ್ದು ಮನೆಗೆಲಸದ ಬೆಟ್ಟಮ್ಮನ ಎದುರಿಗೆ. "ಮಳೆ ಹುಯ್ದಿದ್ದು ಕಾಫಿ ಗಿಡಕ್ಕೆ ಗೊತ್ತೈತೆ ಮೇಷ್ಟ್ರೇ, ಆ ಹುಡುಗೀನ ಯಾಕ್ ಬೈತೀರಿ?" ಎಂದಳು. ಅವಳನ್ನೂ ಗದರಿದೆ. ನಾಳೆ ಬೆಟ್ಟಮ್ಮ ಬಂದ ಮೇಲೆ, ಅವಳೆದುರಿಗೇ ಮಾನಸಳಲ್ಲಿ ತಪ್ಪೊಪ್ಪಿಕೊಳ್ಳಬೇಕು. ಬರೆಯುವುದು ಸುಲಭ, ಬಾಯಿ ತೆರೆಯುವುದು...

ಇಂದು ಬೆಳಿಗ್ಗೆ, ಇಂಚನ್ನೂ ಅದರ ನೂರನೇ ಪಾಲಾದ ಸೆಂಟನ್ನೂ ತೋರಿಸುವ ಮಳೆಮಾಪಕವನ್ನು ಮಾನಸಳೇ ನೋಡಿ, ಮೇಜಿನ ಮೇಲೆ ಚೀಟಿಯಿಟ್ಟಿದ್ದಳು: "ಒಂದು ಇಂಚು ಇಪ್ಪತ್ತು ಸೆಂಟ್. ಪೆನ್ನಿನಲ್ಲಿ ಬರೆದಿದ್ದೇನೆ, ಮಾವ."

18 ಜುಲೈ 2025, ಶುಕ್ರವಾರ, ರಾತ್ರಿ 9 ಗಂಟೆ 40 ನಿಮಿಷ.